ಕೀಮೋ ಮುಗಿದ ಮೇಲೆ ಉಳಿಯುವ ಉರಿ

ಗೆಡ್ಡೆ ಕರಗಿದೆ, ಸ್ಕ್ಯಾನ್ ಚೆನ್ನಾಗಿದೆ. ಆದರೂ ಪಾದ ಉರಿಯುತ್ತದೆ, ಬೆರಳ ತುದಿ ಜೋಮು ಹಿಡಿದಿರುತ್ತದೆ, ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ‘ಎಲ್ಲ ವಾಸಿಯಾಯಿತಲ್ಲ, ಇನ್ನೆಂಥ ನೋವು?’ ಎಂದು ಮನೆಮಂದಿ ಕೇಳಿದರೆ ರೋಗಿ ಸುಮ್ಮನಾಗುತ್ತಾರೆ. ಈ ಸಭೆಯಲ್ಲೂ ಹಾಗೆ ಸುಮ್ಮನಾದವರು ಇರಬಹುದು. ಅವರ ನೋವಿಗೆ ನರದೊಳಗೇ ಕಾರಣವಿದೆ.

31 ಅಧ್ಯಯನಗಳ, ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಕೀಮೋ ಮುಗಿದ ಮೊದಲ ತಿಂಗಳಲ್ಲಿ ಶೇ. 68ರಷ್ಟು ಮಂದಿಗೆ ಇಂಥ ನರಬಾಧೆ ಇತ್ತು. ಆರು ತಿಂಗಳು ಕಳೆದ ಮೇಲೂ ಶೇ. 30ರಷ್ಟು ಮಂದಿಗೆ.

ಕಾರಣದ ಒಂದು ಎಳೆ ಮನೆಯಂಗಳದ ನಿತ್ಯಪುಷ್ಪದಲ್ಲಿದೆ. ಆ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್, ಮಕ್ಕಳ ರಕ್ತಕ್ಯಾನ್ಸರಿಗೆ ಕೊಡುವ ಮುಖ್ಯ ಮದ್ದುಗಳಲ್ಲೊಂದು. ಜೀವಕೋಶ ಇಬ್ಭಾಗವಾಗಲು ಬೇಕಾದ ಸೂಕ್ಷ್ಮನಳಿಕೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ಯೂ ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್ ಅವು ಬಿಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಎರಡರಿಂದಲೂ ಕ್ಯಾನ್ಸರ್ ಕೋಶ ಸಾಯುತ್ತದೆ. ನರಕೋಶ ಹಾಗೆ ಒಡೆದು ಎರಡಾಗುವುದಿಲ್ಲ, ನಿಜ. ಆದರೆ ಅದೇ ನಳಿಕೆಗಳು ನರತಂತುವಿನುದ್ದಕ್ಕೂ ಹಳಿಗಳಂತೆ ಹಾಸಿಕೊಂಡಿವೆ. ಪೋಷಕ ಸರಕೆಲ್ಲ ಅವುಗಳ ಮೇಲೆಯೇ ಸಾಗಬೇಕು. ಸೊಂಟದ ಬಳಿಯ ನರಕೋಶದಿಂದ ಕಾಲಿನ ಹೆಬ್ಬೆರಳಿಗೆ ಹೆಚ್ಚುಕಡಿಮೆ ಒಂದು ಮೀಟರ್ ದಾರಿ. ಸಾಗಾಟ ಕೆಟ್ಟರೆ ಮೊದಲು ಸೊರಗುವುದು ಆ ತುದಿ. ಉರಿ ಪಾದದಲ್ಲಿ ಶುರುವಾಗಿ ಮೇಲೇರುವುದು ಇದಕ್ಕೇ.

ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಮದ್ದಿನ ರೀತಿ ಬೇರೆ. ಅದು ನರದ ಸೋಡಿಯಂ ದ್ವಾರಗಳ ಲಯ ತಪ್ಪಿಸುತ್ತದೆ; ಫ್ರಿಜ್ಜಿನ ನೀರಿನ ಲೋಟ ಮುಟ್ಟಿದರೂ ಬೆರಳು ಚುಚ್ಚುತ್ತದೆ.

ಇನ್ನೊಂದು ಎಳೆ ಇಲಿಗಳಲ್ಲಿ ಸಿಕ್ಕಿತು. ಗಾಯಗೊಂಡ ನರತಂತು ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ. ಅದನ್ನು ನಡೆಸುವುದು ಸಾರ್ಮ್1 ಎಂಬ ಪ್ರೋಟೀನು ಎಂದು 2012ರಲ್ಲಿ ಗೊತ್ತಾಯಿತು. ಕೋಶದ ಶಕ್ತಿಗೆ ಬೇಕಾದ ಎನ್‌ಎಡಿ ಅಣುವನ್ನು ಅದು ಬರಿದು ಮಾಡುತ್ತದೆ. 2016ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಸಂಶೋಧಕರು ಸಾರ್ಮ್1 ಇಲ್ಲದ ಇಲಿಗಳಿಗೆ ವಿನ್‌ಕ್ರಿಸ್ಟಿನ್ ಕೊಟ್ಟು ನೋಡಿದರು. ನರಗಳು ಉಳಿದವು. ಇಷ್ಟು ವರ್ಷಗಳ ಹುಡುಕಾಟದಲ್ಲಿ ಹೆಚ್ಚು ಭರವಸೆ ಹುಟ್ಟಿಸುವ ಫಲಿತಾಂಶವಿದು.

ಮನುಷ್ಯರ ಪಾಲಿಗೆ ಬಂದಿರುವುದು ಇನ್ನೂ ಕಡಿಮೆ. 231 ರೋಗಿಗಳೊಂದಿಗೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡುಲೋಕ್ಸೆಟಿನ್ ಎಂಬ ಮದ್ದು ನುಂಗಿದವರಲ್ಲಿ ಶೇ. 59ರಷ್ಟು ಮಂದಿಗೆ ನೋವು ಇಳಿಯಿತು. ಹುಸಿ ಗುಳಿಗೆ ನುಂಗಿದವರಲ್ಲಿ ಶೇ. 38ರಷ್ಟು ಮಂದಿಗೆ. ನರಬಾಧೆ ಬರದಂತೆ ತಡೆಯಲು ಯಾವ ಮದ್ದನ್ನೂ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಲಿಲ್ಲ. ಹಾಗಾಗಿ ಜೋಮು ಶುರುವಾದಾಗಲೇ ಡಾಕ್ಟರಿಗೆ ಹೇಳಬೇಕು. ಡೋಸ್ ಇಳಿಸುವುದು, ಮದ್ದು ಬದಲಿಸುವುದು ಆಗ ಸಾಧ್ಯ. ಹೇಳಿದರೆ ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟಾರು ಎಂದು ಹಲ್ಲು ಕಚ್ಚಿ ಕೂರುವ ರೋಗಿಗಳಿದ್ದಾರೆ. ಆದ್ದರಿಂದ ಪ್ರತಿ ಸುತ್ತಿಗೂ ಮುಂಚೆ ‘ಕಾಲಿಗೆ ನೆಲ ಗೊತ್ತಾಗುತ್ತಿದೆಯಾ?’ ಎಂದು ಡಾಕ್ಟರೇ ಬಾಯಿಬಿಟ್ಟು ಕೇಳಬೇಕು.