ಔತಣದಲ್ಲೊಂದು ಕೊಲೆ



ಉಣ್ಣುವ ಹೊತ್ತಿನಲ್ಲಿ ಸಾವಿನ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಹಿರಿಯರು ಗದರುತ್ತಾರೆ. ಆದರೆ ಇಂಗ್ಲೆಂಡು ಅಮೆರಿಕಗಳಲ್ಲಿ, ಪತ್ತೇದಾರಿ ಕಥೆಗಳ ಅಭಿಮಾನಿಗಳು ನೆರೆಯುವ ಸಮ್ಮೇಳನಗಳಲ್ಲಿ, ಹಣ ತೆತ್ತು, ಒಳ್ಳೆಯ ಉಡುಪು ತೊಟ್ಟು, ತಮ್ಮ ಪಂಕ್ತಿಯಲ್ಲಿಯೇ ಯಾರೋ ಒಬ್ಬರು ಹತರಾಗುವರೆಂಬ ಭರವಸೆಯಿಂದಲೇ ಊಟಕ್ಕೆ ಕೂರುವ ವಿನೋದವೊಂದು ರೂಢಿಗೆ ಬಂದಿದೆ. ಈ ವಿಚಿತ್ರ ಔತಣದ ಪೂರ್ವೋತ್ತರವನ್ನು ಈ ಹೊತ್ತು ಕೊಂಚ ವಿಚಾರಿಸೋಣ.

ಮೊದಲನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಸಿರಿವಂತರ ಹಳ್ಳಿಯ ಬಂಗಲೆಗಳಲ್ಲಿ, ವಾರಾಂತ್ಯಕ್ಕೆ ಬಂದ ಅತಿಥಿಗಳು ರಾತ್ರಿಯ ಊಟ ಮುಗಿಸಿ ಆಡುತ್ತಿದ್ದ ಆಟವೊಂದಿತ್ತು. ಚೀಟಿಯೆತ್ತಿ ಗುಟ್ಟಾಗಿ ಒಬ್ಬನನ್ನು ಕೊಲೆಗಾರನನ್ನಾಗಿ ನೇಮಿಸುವುದು, ದೀಪ ಆರಿಸುವುದು, ಕತ್ತಲಲ್ಲಿ ಅವನ ಕೈ ತಾಗಿದವರು ಕಿಟಾರನೆ ಕಿರಿಚಿ ನೆಲಕ್ಕೊರಗುವುದು. ಆಮೇಲೆ ನಡೆಯುವ ವಿಚಾರಣೆಯಲ್ಲಿ ಎಲ್ಲರೂ ಸತ್ಯವನ್ನೇ ನುಡಿಯತಕ್ಕದ್ದು, ಸುಳ್ಳಾಡುವ ಅಧಿಕಾರ ಕೊಲೆಗಾರನೊಬ್ಬನಿಗೆ ಮಾತ್ರ. ಆಟದ ಸಮಸ್ತ ಸ್ವಾರಸ್ಯವೂ ಈ ಒಂದು ನಿಯಮದಲ್ಲಿಯೇ ಅಡಗಿದೆಯೆಂದು ನನ್ನ ಅಭಿಪ್ರಾಯ. ನ್ಯೂಜಿಲೆಂಡಿನ ಲೇಖಕಿ ನಾಯೊ ಮಾರ್ಷ್ 1934ರಲ್ಲಿ ಪ್ರಕಟವಾದ ತಮ್ಮ ಪ್ರಥಮ ಕಾದಂಬರಿಯಲ್ಲಿ ಇಂತಹುದೇ ಆಟದ ನಡುವೆ ನಿಜವಾದ ಕೊಲೆಯನ್ನು ನಡೆಯಿಸಿಬಿಟ್ಟರು. ಹೋಟೆಲುಗಳಲ್ಲಿ ಪಿಯಾನೊ ನುಡಿಸಿ ಜೀವಿಸುತ್ತಿದ್ದಾಗ ಅತಿಥಿಗಳ ಈ ಕ್ರೀಡೆಯನ್ನು ಕಂಡಿದ್ದ ಬರ್ಮಿಂಗ್‌ಹ್ಯಾಮಿನ ಆಂಥೊನಿ ಪ್ರಾಟ್ ಎಂಬಾತನು, ಎರಡನೆಯ ಯುದ್ಧಕಾಲದಲ್ಲಿ ಅದನ್ನು ರಟ್ಟಿನ ಹಲಗೆಯ ಮೇಲಾಡುವಂತೆ ರೂಪಿಸಿ, 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಸಾಮಗ್ರಿಗಳ ಅಭಾವದಿಂದಾಗಿ ಅದು ‘ಕ್ಲೂಡೊ’ ಎಂಬ ಹೆಸರಿನಲ್ಲಿ ಅಂಗಡಿಗೆ ಬರುವಷ್ಟರಲ್ಲಿ 1949 ಆಗಿತ್ತು.

ಇನ್ನು ಅಭಿಮಾನಿಗಳ ಕಥೆ. ಪತ್ತೇದಾರಿ ಕಾದಂಬರಿಯ ಓದು ಏಕಾಂತದ ವ್ಯಸನವಾದರೂ, ಓದಿ ಮುಗಿಸಿದವನಿಗೆ ಒಡನೆಯೇ ಜೊತೆಯೊಬ್ಬರು ಬೇಕಾಗುತ್ತಾರೆ. ಎನ್. ನರಸಿಂಹಯ್ಯನವರ ಕಾದಂಬರಿಯನ್ನು ವಾಚನಾಲಯದಿಂದ ತಂದು, ಕಡೆಯ ಹಾಳೆಯೇ ಹರಿದುಹೋಗಿರುವುದನ್ನು ಕಂಡು, ಕೊಲೆಗಾರನಾರೆಂದು ಕೇಳಲು ಬೀದಿಗಿಳಿದ ಓದುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಂಡನ್ನಿನ ಲೇಖಕರು 1930ರಲ್ಲಿ ‘ಡಿಟೆಕ್ಷನ್ ಕ್ಲಬ್’ ಕಟ್ಟಿ, ಚೆಸ್ಟರ್‌ಟನ್ನರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡು, ಕೂಡಿ ಉಣ್ಣುತ್ತಿದ್ದರು. ಓದುಗನಿಗೆ ಮೋಸಮಾಡುವುದಿಲ್ಲವೆಂದು ಹೊಸ ಸದಸ್ಯರು ಅಲ್ಲಿ ಪ್ರಮಾಣ ಸ್ವೀಕರಿಸಬೇಕಾಗಿತ್ತು. ಆ ವಿಧಿಗೆ ‘ಎರಿಕ್’ ಎಂಬ ನಾಮಧೇಯದ ತಲೆಬುರುಡೆಯೊಂದು ಸಾಕ್ಷಿಯಾಗಿತ್ತು. ನ್ಯೂಯಾರ್ಕಿನಲ್ಲಿ ಕ್ರಿಸ್ಟಫರ್ ಮಾರ್ಲಿ 1934ರಲ್ಲಿ ಷರ್ಲಾಕ್ ಹೋಮ್ಸನ ಭಕ್ತರ ಸಂಘವನ್ನು ಸ್ಥಾಪಿಸಿದನು. ವಾರ್ಷಿಕ ಭೋಜನವೇ ಅದರ ಮುಖ್ಯೋತ್ಸವ. ವೈಜ್ಞಾನಿಕ ಕಥೆಗಳ ರಸಿಕರು 1939ರಿಂದಲೇ ವಿಶ್ವಸಮ್ಮೇಳನ ನಡೆಸುತ್ತಿದ್ದರಷ್ಟೆ. ಆ ಬಳಗದಲ್ಲಿಯೂ ಈ ಬಳಗದಲ್ಲಿಯೂ ಸಮಾನವಾಗಿ ಬಳಕೆಯಿದ್ದ ವಿಮರ್ಶಕ ಆಂಥೊನಿ ಬೌಚರ್ 1968ರಲ್ಲಿ ದಿವಂಗತನಾಗಲು, ಅವನ ಸ್ಮರಣಾರ್ಥವಾಗಿ 1970ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದಲ್ಲಿ ‘ಬೌಚರ್‌ಕಾನ್’ ಆರಂಭವಾಯಿತು.

ಇಲ್ಲೆಲ್ಲ ಭೋಜನವಿತ್ತು, ಹೆಣವಿರಲಿಲ್ಲ. ಮ್ಯಾನ್‌ಹಟನ್ನಿನಲ್ಲಿ ಕೇವಲ ಪತ್ತೇದಾರಿ ಪುಸ್ತಕಗಳದೇ ಅಂಗಡಿಯಿಟ್ಟಿದ್ದ ಡಿಲಿಸ್ ವಿನ್ ಎಂಬಾಕೆ ಆ ಕೊರತೆಯನ್ನು ನೀಗಿಸಿದವರಲ್ಲಿ ಅಗ್ರಗಣ್ಯಳು. ನ್ಯೂಯಾರ್ಕ್ ರಾಜ್ಯದ ನ್ಯೂ ಪಾಲ್ಟ್ಸ್ ಸಮೀಪ, ಬೆಟ್ಟದ ಮೇಲಿನ ಸರೋವರದ ದಡದಲ್ಲಿರುವ ಮೊಹಾಂಕ್ ಎಂಬ ಹಳೆಯ ಹೋಟೆಲಿನಲ್ಲಿ, 1977ರಲ್ಲಿ ಒಂದು ವಾರಾಂತ್ಯದ ಕೊಲೆಯಾಟವನ್ನು ಆಕೆ ಏರ್ಪಡಿಸಿದಳು. ಮುಂದೆ ಡೊನಾಲ್ಡ್ ವೆಸ್ಟ್‌ಲೇಕ್‌ನಂತಹ ಹೆಸರಾಂತ ಕಾದಂಬರಿಕಾರನೇ ಅದಕ್ಕೆ ಕಥೆ ಹೆಣೆದುಕೊಟ್ಟನು. ವಾರಾಂತ್ಯವನ್ನು ಒಂದೇ ಇರುಳಿನ ಊಟಕ್ಕೆ ಇಳಿಸಿದರೆ ಸಮ್ಮೇಳನದ ಔತಣ ಸಿದ್ಧ.

ಕೊಲೆಗಿಂತಲೂ ಊಟವೇ ಇದರ ಯಂತ್ರವೆಂದು ನಾನು ಹೇಳಬಯಸುತ್ತೇನೆ. ಒಂದೇ ಗ್ರಂಥರಾಶಿಯನ್ನು ಪ್ರೀತಿಸಿದರೂ ಮುಖಪರಿಚಯವಿಲ್ಲದ ಎಂಟು ಹತ್ತು ಮಂದಿ ಒಂದು ಮೇಜಿನ ಸುತ್ತ ಕುಳಿತಿರುತ್ತಾರೆ. ಸಾಮಾನ್ಯವಾದ ಔತಣದಲ್ಲಾದರೆ ಹವೆಯ ಮಾತಿನಲ್ಲಿಯೇ ಅವರ ಸಂಭಾಷಣೆ ಇಂಗಿಹೋಗುತ್ತಿತ್ತು. ಇಲ್ಲಿ ಸೂಪು ಮುಗಿಯುವಷ್ಟರಲ್ಲಿ, ಅತಿಥಿಯ ವೇಷದಲ್ಲಿದ್ದ ನಟನೊಬ್ಬನು ಕುರ್ಚಿಯಿಂದ ಜಾರಿಬೀಳುತ್ತಾನೆ. ತಟ್ಟೆಗಳನ್ನು ತೆಗೆಯುವ ಪ್ರತಿಯೊಂದು ಬಿಡುವಿನಲ್ಲಿಯೂ ಒಂದು ಕಾಗದವೋ, ಹರಿದ ಉಯಿಲೋ ಮೇಜಿಗೆ ಬರುತ್ತದೆ. ವಿಧವೆಯ ಪಾತ್ರಧಾರಿಣಿ ಮೇಜಿನಿಂದ ಮೇಜಿಗೆ ಅಳುತ್ತಾ ಬಂದು ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ. ಆಗ ಅಪರಿಚಿತರೆಲ್ಲ ತಲೆಗೆ ತಲೆ ತಾಗಿಸಿ ಪಿಸುಗುಟ್ಟಲೇಬೇಕು. ಸಿಹಿತಿಂಡಿ ಬರುವ ಮುನ್ನ ಕೊಂದವರು ಯಾರು, ಏತಕ್ಕೆ, ಹೇಗೆ ಎಂದು ಮೇಜಿಗೊಂದರಂತೆ ಬರೆದು ಒಪ್ಪಿಸುವುದುಂಟು. ಸರಿಯುತ್ತರಕ್ಕೆ ಬಹುಮಾನ ಸಲ್ಲುವುದು ಸಹಜವೇ. ಅನೇಕ ಕಡೆ, ಪೂರ್ತಿ ತಪ್ಪಿದ್ದರೂ ಎಲ್ಲರಿಗಿಂತ ಸೊಗಸಾಗಿ ಕಟ್ಟಿದ ಉತ್ತರಕ್ಕೆ ಇನ್ನೊಂದು ಬಹುಮಾನವನ್ನು ಪ್ರತ್ಯೇಕವಾಗಿ ತೆಗೆದಿರಿಸಿರುತ್ತಾರೆ.