ಪಾಠಕ್ಕೆ ಮುನ್ನ ಪ್ರಶ್ನೆ
(ರೋಣ ತಾಲೂಕಿನ ಯಾವಗಲ್‌ನಲ್ಲಿ ಹೆತ್ತವರು ಹಾಗೂ ಮದ್ರಸ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿಯ ಬಳಿಕ ಮನೆಯಲ್ಲುಳಿದ ಹೆಣ್ಣುಮಕ್ಕಳಿಗಾಗಿ ಆನ್‌ಲೈನ್ ತರಗತಿ ಆರಂಭಿಸಬೇಕೆಂಬ ತಮ್ಮ ಆಲೋಚನೆ ಸ್ವಾಗತಾರ್ಹ. ಆದರೆ ಯಾವ ಆ್ಯಪ್, ಎಷ್ಟು ವೀಡಿಯೊ, ಯಾವ ಭಾಷಣಕಾರರು ಎಂಬ ಚರ್ಚೆಯೇ ಮುಂದಾಗಿದೆ. ಕೋರ್ಸ್ ಮುಗಿದಾಗ ಆ ಹುಡುಗಿ ಸ್ವತಃ ಏನನ್ನು ಮಾಡಬಲ್ಲಳು? ಶಿಕ್ಷಣ ಇಲಾಖೆಯ ಭಾಷೆಯಲ್ಲಿ ಇದಕ್ಕೆ ಕಲಿಕಾ ಫಲ ಎಂದು ಹೆಸರು. ಮೊದಲು ನಿರ್ಧಾರವಾಗಬೇಕಾದುದು ಅದು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಪ್ರಸಾರವಾದವು. ಪ್ರಯತ್ನ ಒಳ್ಳೆಯದೇ. ಆದರೆ ಮಗುವಿಗೆ ಅರ್ಥವಾಯಿತೇ ಎಂದು ಟಿ.ವಿ. ಕೇಳಲಾರದು. ಕೊನೆಗೆ 2022-23ರಲ್ಲಿ ಸರಕಾರವೇ ಕಲಿಕಾ ಚೇತರಿಕೆ ಕಾರ್ಯಕ್ರಮ ಹಮ್ಮಿಕೊಂಡು, ಹಿಂದಿನ ತರಗತಿಗಳಲ್ಲಿ ತಪ್ಪಿಹೋದುದನ್ನು ಮತ್ತೆ ಕಲಿಸಬೇಕಾಯಿತು.

ಇದು ನಮಗೆ ಹೊಸ ವಿಷಯವೂ ಅಲ್ಲ. ಹಿಫ್ಝ್ ತರಗತಿಯನ್ನು ನೋಡಿರಿ. ಇಂದಿನ ಸಬಕ್, ಇತ್ತೀಚಿನ ದಿನಗಳ ಸಬ್ಕಿ, ಹಳೆಯ ಮಂಜಿಲ್ ಮೂರನ್ನೂ ಉಸ್ತಾದರು ಪ್ರತಿಯೊಬ್ಬ ಮಗುವಿನ ಬಾಯಿಂದ ಕೇಳುತ್ತಾರೆ. ಒಪ್ಪಿಸದ ಮಗುವಿಗೆ ಮುಂದಿನ ಪಾಠವಿಲ್ಲ. ಹಾಜರಿಯನ್ನೇ ಕಲಿಕೆಯೆಂದು ಅವರು ಎಂದೂ ಭಾವಿಸಿದವರಲ್ಲ.

ವಾರಸು ಹಕ್ಕಿನ ಪಾಠವನ್ನೇ ತೆಗೆದುಕೊಳ್ಳೋಣ. ಇಸ್ಲಾಮ್ ಸ್ತ್ರೀಗೆ ಆಸ್ತಿಯ ಹಕ್ಕು ನೀಡಿದೆಯೆಂಬ ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ. ಮಗಳಿಗೆ ಅದನ್ನು ಕೊಟ್ಟ ಮನೆಗಳಿಗೆ ಬರವಿದೆ. ಆದುದರಿಂದ 'ವಾರಸು ಹಕ್ಕಿನ ಮಹತ್ವ ತಿಳಿಯುವುದು' ಎಂಬ ಗುರಿ ಸಾಲದು. ಲೆಕ್ಕ ಕೊಡಿರಿ: ಸಾಲ, ವಸಿಯ್ಯತ್ ತೀರಿದ ಮೇಲೆ 24 ಲಕ್ಷ ರೂಪಾಯಿ ಉಳಿದಿದೆ. ಪತ್ನಿ, ಒಬ್ಬ ಮಗ, ಒಬ್ಬಳು ಮಗಳು ವಾರಸುದಾರರು. ಪತ್ನಿಗೆ ಎಂಟನೇ ಒಂದಂಶ, ಅಂದರೆ 3 ಲಕ್ಷ. ಉಳಿದ 21ರಲ್ಲಿ ಮಗನಿಗೆ 14, ಮಗಳಿಗೆ 7. ತನ್ನ ಪಾಲಿನ 7 ಲಕ್ಷವನ್ನು ಕಾಗದದ ಮೇಲೆ ಬರೆದು ತೋರಿಸಬಲ್ಲ ಹುಡುಗಿಯ ಮುಂದೆ ಅಣ್ಣನು ಸುಮ್ಮನೆ ಕೈಬೀಸಿ ಹೋಗಲಾರ. (ಕೆಲವು ಹಿರಿಯರು ನಗುತ್ತಿದ್ದಾರೆ, ಈ ಲೆಕ್ಕ ಅವರಿಗೂ ಬೇಕು.)

ಈ ಪ್ರಶ್ನೆಯನ್ನು ಮೊದಲು ಬರೆಯಿರಿ, ಆಮೇಲೆ ವೀಡಿಯೊ. ಆಗ ಒಂದು ಗಂಟೆಯ ಭಾಷಣ ತಾನಾಗಿಯೇ ಹತ್ತು ನಿಮಿಷಕ್ಕಿಳಿಯುತ್ತದೆ. ಮನೆಗೊಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ. ಆದ್ದರಿಂದ ನೇರ ತರಗತಿಗಿಂತ, ರಾತ್ರಿ ಕೇಳಬಹುದಾದ ಧ್ವನಿಮುದ್ರಣವೇ ಮೇಲು. ಉತ್ತರವೂ ಧ್ವನಿ ಸಂದೇಶದಲ್ಲಿ ಬರಲಿ, ಶಿಕ್ಷಕಿಯು ಒಂದೊಂದನ್ನೂ ಕೇಳಲಿ.

2022ರಲ್ಲಿ ಹಿಜಾಬಿನ ಕಾರಣಕ್ಕೆ ಕಾಲೇಜಿನ ಗೇಟಿನಲ್ಲಿ ತಡೆಯಲ್ಪಟ್ಟ ಹೆಣ್ಣುಮಕ್ಕಳಿಗೆ, ಆನ್‌ಲೈನ್ ಇದೆಯಲ್ಲ ಎಂದು ಉಪದೇಶಿಸಿದವರಿದ್ದರು. ತರಗತಿಯ ಹಕ್ಕನ್ನು ಬಿಟ್ಟುಕೊಡಲು ಈ ಕೋರ್ಸ್ ನೆಪವಾಗಬಾರದು. ಕಾಲೇಜಿಗೆ ಹೋಗಬಲ್ಲವಳನ್ನು ಕಾಲೇಜಿಗೇ ಕಳುಹಿಸಿರಿ.

ಮೊದಲ ತಂಡಕ್ಕೆ ಇಪ್ಪತ್ತು ಮಂದಿ ಸಾಕು. ಅವರಲ್ಲಿ ಹನ್ನೆರಡು ಮಂದಿಗೆ ಆ 7 ಲಕ್ಷದ ಲೆಕ್ಕ ಬರಲಿಲ್ಲವೆಂದಾದರೆ ಪ್ರಮಾಣಪತ್ರ ವಿತರಣಾ ಸಮಾರಂಭವನ್ನು ಮುಂದೂಡಿ, ಪಾಠವನ್ನು ಮತ್ತೊಮ್ಮೆ ಮುದ್ರಿಸಿರಿ.