ಹತ್ತಿಯ ಹೊಲಕ್ಕೆ ಬಂದ ಜಿನೀವಾ

(ರಾಯಚೂರು ತಾಲ್ಲೂಕಿನ ಚಂದ್ರಬಂಡದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮುಂಗಾರಿಗೆ ಮೊದಲು ರಾಯಚೂರಿನ ಬೀಜದಂಗಡಿಯಿಂದ ನೀವು ತರುವ ಹತ್ತಿಬೀಜದ ಪಾಕೀಟನ್ನು ಬಿಚ್ಚುವ ಮುನ್ನ ಈ ಸಲ ಸ್ವಲ್ಪ ನೋಡಿ. ಅದರ ಮೇಲೆ ಅಚ್ಚಾಗಿರುವ ಗರಿಷ್ಠ ಬೆಲೆಯನ್ನು 2016ರಿಂದ ಕೇಂದ್ರ ಸರ್ಕಾರ ಗೊತ್ತು ಮಾಡುತ್ತ ಬಂದಿದೆ. ಒಳಗಿರುವ ತಳಿಯ ಮೇಲೆ ಕಂಪನಿಗೆ ಎಷ್ಟು ಹಕ್ಕು, ರೈತನಿಗೆ ಎಷ್ಟು ಎಂಬುದನ್ನು ಸಂಸತ್ತು 2001ರಲ್ಲಿ ಮಾಡಿದ ಕಾನೂನು ಹೇಳುತ್ತದೆ. ಇನ್ನು, ಅಂಥದೊಂದು ಕಾನೂನು ನಮ್ಮಲ್ಲಿ ಇರಲೇಬೇಕೆಂದು ಕಟ್ಟು ಮಾಡಿದ ಸಂಸ್ಥೆಯ ಕಚೇರಿ ಇರುವುದು ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದಲ್ಲಿ. ಚಂದ್ರಬಂಡದ ಹೊಲಕ್ಕೂ ಜಿನೀವಾಕ್ಕೂ ನಡುವೆ ಈ ದಾರಿ ಹೇಗೆ ಬಿತ್ತು? ಆ ದಾರಿಯಲ್ಲಿ ನಮ್ಮ ವಿಧಾನಸಭೆ, ಸಂಸತ್ತು, ನ್ಯಾಯಾಲಯಗಳಿಗೆ ಎಷ್ಟು ಜಾಗ ಉಳಿದಿದೆ? ಈ ಹೊತ್ತು ಇಷ್ಟನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ದೊಡ್ಡದೊಂದು ಕೂಟಕ್ಕೆ ಸೇರುವುದೆಂದರೆ ಏನೆಂಬುದು ಈ ಸೀಮೆಯವರಿಗೆ ಹೊಸತೇನಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದ ನಾಣ್ಯ ಬೇರೆ, ಅಂಚೆಚೀಟಿ ಬೇರೆ. ಗಡಿ ದಾಟುವ ಮಾಲಿಗೆ ಸುಂಕ ವಸೂಲು ಮಾಡಲು ಕರೋಡಗಿರಿ ಎಂಬ ಇಲಾಖೆಯೇ ಇತ್ತು. ತುಂಗಭದ್ರೆಯ ಆಚೆ ದಡ ಮದ್ರಾಸ್ ಪ್ರಾಂತ. ಆದರೂ ಎರಡು ಸರ್ಕಾರಗಳು ಕೂಡಿ ಒಪ್ಪಿಕೊಂಡು 1945ರಲ್ಲಿ ಅಣೆಕಟ್ಟಿನ ಕೆಲಸ ಶುರುಮಾಡಿದ್ದರಿಂದಲೇ ಇಂದು ಸಿಂಧನೂರು, ಮಾನ್ವಿಗೆ ಎಡದಂಡೆ ಕಾಲುವೆಯ ನೀರು ಬರುತ್ತಿದೆ. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಭಾರತದ ಮೇಲೆ ದೂರು ಒಯ್ದಿತು. ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಅದು ಚರ್ಚೆಗೆ ಬಂತು. ಮರುದಿನ ಇಲ್ಲಿ ನಿಜಾಮರು ಸೋಲೊಪ್ಪಿಕೊಂಡರು. ನಮ್ಮ ಊರುಗಳ ಹಣೆಬರಹ ದೂರದ ಸಭೆಯೊಂದರಲ್ಲಿ ಚರ್ಚೆಯಾಗುವುದನ್ನು ನಮ್ಮ ಅಜ್ಜಂದಿರೇ ಕಂಡಿದ್ದಾರೆಂದು ಹೇಳಲಷ್ಟೇ ಇದನ್ನು ನೆನೆದೆ.

ದೇಶಗಳು ಕೂಡಿ ತಮಗಿಂತ ಮೇಲಿನ ಕಟ್ಟಳೆಯೊಂದನ್ನು ಒಪ್ಪಿಕೊಳ್ಳುವುದರಲ್ಲಿ ಬಗೆಗಳಿವೆ. ಐರೋಪ್ಯ ಒಕ್ಕೂಟದ್ದು ಬಿಗಿಯಾದ ಬಗೆ. ಅಲ್ಲಿ ಒಕ್ಕೂಟದ ಕಾನೂನು ಸದಸ್ಯ ದೇಶದ ಕಾನೂನಿಗಿಂತ ಮೇಲು ಎಂದು ಅವರ ನ್ಯಾಯಾಲಯ 1964ರಲ್ಲೇ ತೀರ್ಪು ಕೊಟ್ಟಿದೆ. ಅದನ್ನು ಸಹಿಸಲಾರದೆ ಬ್ರಿಟನ್ 2020ರ ಜನವರಿ 31ರಂದು ಹೊರಬಂತು. ಭಾರತ ಅಂಥ ಕೂಟದಲ್ಲಿ ಇಲ್ಲ. ನಮ್ಮ ಸಾರ್ಕ್ ಆ ಮಟ್ಟಕ್ಕೆ ಎಂದೂ ಬೆಳೆಯಲಿಲ್ಲ. ನಮ್ಮನ್ನು ಗಟ್ಟಿಯಾಗಿ ಕಟ್ಟಿಹಾಕಿರುವುದು ವಿಶ್ವ ವ್ಯಾಪಾರ ಸಂಘಟನೆ. ಅದರ ಅಮೀನರು ಬಂದು ನಿಮ್ಮ ಹೊಲದಲ್ಲಿ ನಿಲ್ಲುವುದಿಲ್ಲ. ‘ನಿಮ್ಮ ಕಾನೂನನ್ನು ಒಪ್ಪಂದಕ್ಕೆ ಹೊಂದಿಸಿಕೊಳ್ಳಿ, ಇಲ್ಲವಾದರೆ ಎದುರು ದೇಶ ನಿಮ್ಮ ಮಾಲಿನ ಮೇಲೆ ಸುಂಕ ಏರಿಸಲು ಅನುಮತಿ ಕೊಡುತ್ತೇವೆ’ ಎನ್ನುತ್ತದೆ. ಕೆಲಸ ಆಗುವುದು ನಮ್ಮದೇ ಸಂಸತ್ತಿನ ಕೈಯಿಂದ.

1947ರ ಗ್ಯಾಟ್ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ 23 ದೇಶಗಳಲ್ಲಿ ಭಾರತವೂ ಒಂದು. ಆಗ ಅದು ಹೆಚ್ಚಾಗಿ ಕಾರ್ಖಾನೆ ಮಾಲಿನ ಸುಂಕದ ಮಾತು. 1986ರಲ್ಲಿ ಉರುಗ್ವೆ ದೇಶದಲ್ಲಿ ಶುರುವಾದ ಸುತ್ತಿನಲ್ಲಿ ಬೇಸಾಯವೂ ಬೌದ್ಧಿಕ ಆಸ್ತಿಯೂ ಒಳಗೆ ಬಂದವು. 1991ರ ಡಿಸೆಂಬರ್‌ನಲ್ಲಿ ಗ್ಯಾಟ್‌ನ ಮಹಾನಿರ್ದೇಶಕ ಆರ್ಥರ್ ಡಂಕೆಲ್ ಮುಂದಿಟ್ಟ ಕರಡೇ ಡಂಕೆಲ್ ಪ್ರಸ್ತಾವವೆಂದು ನಮ್ಮ ಹಳ್ಳಿಕಟ್ಟೆಗಳವರೆಗೆ ಬಂತು. 1994ರ ಏಪ್ರಿಲ್ 15ರಂದು ಮೊರಾಕ್ಕೊದ ಮರಕೇಶದಲ್ಲಿ ಸಹಿಯಾಯಿತು. 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಘಟನೆ ಜಾರಿಗೆ ಬಂತು.

ಸಂವಿಧಾನದ ಏಳನೆಯ ಷೆಡ್ಯೂಲಿನಲ್ಲಿ ಬೇಸಾಯ ಇರುವುದು ರಾಜ್ಯ ಪಟ್ಟಿಯಲ್ಲಿ, 14ನೆಯ ಬಾಬ್ತಿನಲ್ಲಿ. ಹಾಗಿದ್ದಮೇಲೆ ಬೇಸಾಯದ ವಿಷಯದಲ್ಲಿ ದಿಲ್ಲಿ ಹೇಗೆ ಹೊರದೇಶಕ್ಕೆ ಮಾತು ಕೊಟ್ಟಿತು? ಉತ್ತರ 253ನೆಯ ವಿಧಿಯಲ್ಲಿದೆ. ಯಾವುದೇ ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೆ ತರಲು, ವಿಷಯ ರಾಜ್ಯ ಪಟ್ಟಿಯದಾದರೂ ಸರಿಯೇ, ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಂದ್ರ ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಕಟ್ಟುಪಾಡೂ ನಮ್ಮಲ್ಲಿಲ್ಲ. ಅಂದರೆ ಮಂತ್ರಿಮಂಡಲ ಮೊದಲು ಮಾತು ಕೊಡುತ್ತದೆ, ಸಂಸತ್ತು ಆಮೇಲೆ ಅದನ್ನು ನಡೆಸಿಕೊಡುತ್ತದೆ. ವಿಧಾನಸೌಧದವರು ಪತ್ರಿಕೆ ಓದಿ ತಿಳಿದುಕೊಳ್ಳುತ್ತಾರೆ. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗವು, ರಾಜ್ಯ ಪಟ್ಟಿಯ ವಿಷಯಗಳನ್ನು ಮುಟ್ಟುವ ಒಪ್ಪಂದಕ್ಕೆ ಮುನ್ನ ಅಂತರರಾಜ್ಯ ಮಂಡಳಿಯೊಡನೆ ಸಮಾಲೋಚಿಸುವುದನ್ನು ಪರಿಗಣಿಸಬಹುದು ಎಂದು 2002ರಲ್ಲಿ ಸೂಚಿಸಿತು. ತೀರ ಮೆತ್ತನೆಯ ಸೂಚನೆ. ಅದನ್ನೂ ಯಾರೂ ಕಾನೂನಾಗಿ ಮಾಡಲಿಲ್ಲ.

ಕರ್ನಾಟಕದಲ್ಲಿ ಇದನ್ನು ಮೊದಲು ಗುರುತಿಸಿದ್ದು ವಿಧಾನಸಭೆಯಲ್ಲ, ರೈತ ಸಂಘ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಕಾನೂನು ಕಲಿಸುತ್ತಿದ್ದವರು, ಕರಡನ್ನು ಓದಬಲ್ಲವರು. 1992ರ ಡಿಸೆಂಬರ್‌ನಲ್ಲಿ ರೈತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದರ ಘಟಕವನ್ನು ಕೆಡವಿದರು. ಅದೇ ವರ್ಷ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹದ ಭಾರಿ ಮೆರವಣಿಗೆ ನಡೆಯಿತು. 1998ರ ನವೆಂಬರ್ 28ರಂದು ನಮ್ಮ ಜಿಲ್ಲೆಯ ಮಲದಕಲ್ಲಿನ ಹೊಲವೊಂದರಲ್ಲಿ ಪ್ರಯೋಗಕ್ಕೆಂದು ಬೆಳೆದಿದ್ದ ಬಿಟಿ ಹತ್ತಿಯನ್ನು ಕಿತ್ತು ಬೆಂಕಿಗೆ ಹಾಕಿದರು. ಆ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿದ್ದು ದಿಲ್ಲಿಯ ಜೈವಿಕ ತಂತ್ರಜ್ಞಾನ ಇಲಾಖೆ.

ಬೆಳೆದು ನಿಂತ ಪೈರಿಗೆ ಬೆಂಕಿ ಹಾಕುವುದನ್ನು ಒಕ್ಕಲುತನದ ಮನೆಯವರು ಸುಲಭಕ್ಕೆ ಒಪ್ಪಲಾರರು. ನನಗೂ ಅದು ಒಪ್ಪಿಗೆಯಲ್ಲ. ಆದರೆ ಆ ಬೆಂಕಿಯ ಹೊಗೆ ದಿಲ್ಲಿಯವರೆಗೆ ಕಂಡಿತೆಂಬುದೂ ಸುಳ್ಳಲ್ಲ.

ಈಗ ದಿಲ್ಲಿಯ ಕಥೆ. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧ ಮತ್ತು ಆಹಾರದ ವಸ್ತುಗಳಿಗೆ ಪೇಟೆಂಟ್ ಕೊಡುತ್ತಿರಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಹೊಸ ಒಪ್ಪಂದ ವಸ್ತುವಿಗೇ 20 ವರ್ಷದ ಪೇಟೆಂಟ್ ಬೇಕೆಂದಿತು. ನಮಗೆ 2005ರವರೆಗೆ ಗಡುವು ಸಿಕ್ಕಿತು, ಆದರೆ ಅಲ್ಲಿಯವರೆಗೆ ಬರುವ ಅರ್ಜಿಗಳನ್ನು ತೆಗೆದಿಟ್ಟುಕೊಳ್ಳುವ ಏರ್ಪಾಟು ಬೇಕಿತ್ತು. ಸರ್ಕಾರ 1994ರ ಕೊನೆಯ ದಿನ ಸುಗ್ರೀವಾಜ್ಞೆ ಹೊರಡಿಸಿತು. 1995ರಲ್ಲಿ ಮಸೂದೆ ರಾಜ್ಯಸಭೆಯಲ್ಲಿ ಸಿಕ್ಕಿಬಿತ್ತು, ಸುಗ್ರೀವಾಜ್ಞೆಯೂ ಸತ್ತಿತು. ‘ಇಲಾಖೆಗೆ ಒಳಗಿಂದೊಳಗೆ ಹೇಳಿದ್ದೇವೆ, ಅರ್ಜಿ ತೆಗೆದುಕೊಳ್ಳುತ್ತಿದ್ದೇವೆ’ ಎಂದಿತು ಸರ್ಕಾರ. 1996ರ ಜುಲೈನಲ್ಲಿ ಅಮೆರಿಕ ಜಿನೀವಾದಲ್ಲಿ ದೂರು ಕೊಟ್ಟಾಗ ಪ್ರಧಾನಿಯಾಗಿದ್ದವರು ನಮ್ಮ ಎಚ್.ಡಿ. ದೇವೇಗೌಡರು. 1997ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ಭಾರತದ ವಿರುದ್ಧ ತೀರ್ಪು ಕೊಟ್ಟಿತು. ಬಾಯಿಮಾತಿನ ಆಡಳಿತ ಸೂಚನೆ ಸಾಲದು, ಭದ್ರವಾದ ಕಾನೂನಿನ ಆಧಾರ ಬೇಕು ಎಂಬುದು ಅದರ ಸಾರ. 1999ರಲ್ಲಿ ಬೇರೆಯದೇ ಸರ್ಕಾರ, ಬೇರೆಯದೇ ಪಕ್ಷ, ಆ ಕಾನೂನನ್ನು ಮಾಡಿತು. ವಿರೋಧ ಪಕ್ಷದಲ್ಲಿದ್ದಾಗ ಬೈದವರೇ ಅಧಿಕಾರಕ್ಕೆ ಬಂದಾಗ ಮಸೂದೆ ತಂದದ್ದನ್ನು ಆ ದಶಕ ಒಂದಲ್ಲ, ಹಲವು ಸಲ ನೋಡಿತು. ದೇಶದ ರಾಜಕೀಯವನ್ನು ಹೊರಗಿನ ಒಪ್ಪಂದ ಬದಲಿಸುವ ರೀತಿ ಇದು: ಸರ್ಕಾರ ಬದಲಾದರೂ ಕೊಟ್ಟ ಮಾತು ಬದಲಾಗುವುದಿಲ್ಲ.

ಇಷ್ಟೇ ಆಗಿದ್ದರೆ ಮಾತಾಡುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಒಪ್ಪಂದದ 27ನೆಯ ವಿಧಿಯಲ್ಲಿ ಒಂದು ಸಂದು ಇತ್ತು. ಸಸ್ಯತಳಿಗಳಿಗೆ ಪೇಟೆಂಟನ್ನಾದರೂ ಕೊಡಿ, ಇಲ್ಲವೇ ನಿಮ್ಮದೇ ಆದ ಪರಿಣಾಮಕಾರಿ ವ್ಯವಸ್ಥೆಯನ್ನಾದರೂ ಮಾಡಿಕೊಳ್ಳಿ ಎಂದಿತ್ತು ಅದು. ಶ್ರೀಮಂತ ದೇಶಗಳ ಬಳಿ ಯುಪೋವ್ ಎಂಬ ಸಿದ್ಧ ಮಾದರಿ ಇತ್ತು. ಅದರ 1991ರ ರೂಪದಲ್ಲಿ ರೈತ ತನ್ನ ಹೊಲಕ್ಕೆ ಬೀಜ ಉಳಿಸಿಕೊಳ್ಳುವುದೂ ಆಯಾ ಸರ್ಕಾರ ಬಿಟ್ಟುಕೊಟ್ಟರೆ ಮಾತ್ರ. ನೆರೆಯವನಿಗೆ ಮಾರುವಂತೆಯೇ ಇಲ್ಲ. ಭಾರತ ಆ ಮಾದರಿಯನ್ನು ಹಾಗೆಯೇ ತೆಗೆದುಕೊಳ್ಳಲಿಲ್ಲ. 2001ರಲ್ಲಿ ಆದ ಕಾಯಿದೆಯ ಹೆಸರೇ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ. ಅದರ 39ನೆಯ ಕಲಮಿನಂತೆ ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ರಕ್ಷಿತ ತಳಿಯ ಬೀಜವನ್ನು ಪಾಕೀಟು ಮಾಡಿ ಹೆಸರು ಹಚ್ಚಿ ಮಾರುವಂತಿಲ್ಲ, ಅಷ್ಟೆ. ಹಗೇವಿನಿಂದ ಜೋಳ ತೆಗೆದು ಬೀಗರಿಗೆ ಕೊಡುವ ನಮ್ಮ ರೂಢಿಗೆ ಕಾನೂನಿನ ಮುದ್ರೆ ಬಿದ್ದದ್ದು ಹೀಗೆ. 2002ರಲ್ಲಿ ಪೇಟೆಂಟ್ ಕಾಯಿದೆಗೂ 3(ಜೆ) ಎಂಬ ಕಲಂ ಸೇರಿತು: ಗಿಡ, ಬೀಜ, ತಳಿ ಇವು ಪೇಟೆಂಟಿಗೆ ಅರ್ಹವಲ್ಲ. ಬೀದಿಗೆ ಇಳಿದವರು, ಸಂಸತ್ತಿನ ಜಂಟಿ ಸಮಿತಿಯ ಮುಂದೆ ಹೋಗಿ ಕರಡು ತಿದ್ದಿಸಿದವರು ಎಲ್ಲರ ಪಾಲೂ ಇದರಲ್ಲಿದೆ.

ಈ ಕಲಂ ಬರಿಯ ಕಾಗದವಲ್ಲ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೊ ಕಂಪನಿ ತಳಿ ಹಕ್ಕಿನ ದಾವೆ ಹಾಕಿ, ತಲಾ ಒಂದು ಕೋಟಿಗೂ ಹೆಚ್ಚು ಪರಿಹಾರ ಕೇಳಿತು. ರೈತರ ಪರ ಎದ್ದ ಕೂಗಿಗೆ ಆಸರೆಯಾದದ್ದು ಇದೇ 39ನೆಯ ಕಲಂ. ಆ ಮೇ ತಿಂಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು.

ಹತ್ತಿಯ ಮಟ್ಟಿಗೆ ಮಾತ್ರ ಈ ಹಕ್ಕು ಅರ್ಧ ಪೊಳ್ಳು ಎಂದು ಹೇಳದೆ ವಿಧಿಯಿಲ್ಲ. 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ಹೊಲದಿಂದ ಕಿತ್ತುಹಾಕಿದ ಈ ಜಿಲ್ಲೆಯಲ್ಲಿಯೇ ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಬೇರೆ ಬಿತ್ತುವವರು ವಿರಳರಾದರು. ದೇವದುರ್ಗದ ಎರೆ ಹೊಲಗಳನ್ನೇ ನೋಡಿ. ನಮ್ಮಲ್ಲಿ ಅದು ಬಂದದ್ದು ಹೈಬ್ರಿಡ್ ರೂಪದಲ್ಲಿ. ಹೈಬ್ರಿಡ್ ಬೀಜವನ್ನು ಉಳಿಸಿ ಬಿತ್ತಿದರೆ ಮರುವರ್ಷ ಬೆಳೆ ಒಂದೇ ಸಮ ಬರುವುದಿಲ್ಲ, ಇಳುವರಿ ಬೀಳುತ್ತದೆ. ಕಾನೂನು ಉಳಿಸಿಕೋ ಎನ್ನುತ್ತದೆ, ಗಿಡ ಒಲ್ಲೆ ಎನ್ನುತ್ತದೆ. ಇದಕ್ಕೆ ಜಿನೀವಾವನ್ನು ದೂರುವಂತಿಲ್ಲ. ಹೈಬ್ರಿಡ್ ಹತ್ತಿಯ ‘ವರಲಕ್ಷ್ಮಿ’ಯನ್ನು ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ 1972ರಲ್ಲೇ ಬಿಡುಗಡೆ ಮಾಡಿದ್ದರು. ಆಗ ಬೀಜ ಸರ್ಕಾರಿ ಸಂಶೋಧನೆಯದಾಗಿತ್ತು, ಈಗ ಕಂಪನಿಯದು. ವ್ಯತ್ಯಾಸ ಅಲ್ಲಿದೆ.

ಹೀಗಾಗಿ ಹತ್ತಿಯಲ್ಲಿ ಜಗಳ ಬೀಜ ಉಳಿಸುವುದರಿಂದ ಬೀಜದ ಬೆಲೆಗೆ ಸರಿಯಿತು. ಮೊದಲಲ್ಲಿ 450 ಗ್ರಾಂ ಪಾಕೀಟಿಗೆ 1,600 ರೂಪಾಯಿಗೂ ಮೇಲೆ ಕೊಟ್ಟವರು ನಿಮ್ಮಲ್ಲಿ ಇದ್ದಾರೆ. 2006ರಲ್ಲಿ ನೆರೆಯ ಆಂಧ್ರ ಸರ್ಕಾರ ಏಕಸ್ವಾಮ್ಯ ವಿರೋಧಿ ಆಯೋಗದ ಮುಂದೆ ಹೋಗಿ ಬೆಲೆ ಇಳಿಸುವ ದಾರಿ ತೋರಿಸಿತು. 2015ರ ಡಿಸೆಂಬರ್‌ನಲ್ಲಿ ಕೇಂದ್ರವೇ ಅಗತ್ಯ ವಸ್ತುಗಳ ಕಾಯಿದೆಯಡಿ ಆದೇಶ ತಂದು, ಮರುವರ್ಷ ಪಾಕೀಟಿಗೆ 800 ರೂಪಾಯಿ, ಅದರಲ್ಲಿ ತಂತ್ರಜ್ಞಾನದ ಪಾಲು 49 ರೂಪಾಯಿ ಎಂದು ಗೊತ್ತು ಮಾಡಿತು. ಒಪ್ಪಂದದ ಒಳಗಿದ್ದುಕೊಂಡೇ ಮಾಡಿದ ಕೆಲಸ ಇದು. ಇನ್ನು, ಬಿಟಿ ವಂಶವಾಹಿಗೆ ಪೇಟೆಂಟ್ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ದಿಲ್ಲಿ ಹೈಕೋರ್ಟು 2018ರಲ್ಲಿ 3(ಜೆ) ಕಲಮಿನ ಮೇಲೆ ಇಲ್ಲವೆಂದಿತು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಆ ತೀರ್ಪನ್ನು ತೆಗೆದುಹಾಕಿ ಮತ್ತೆ ವಿಚಾರಣೆಗೆ ಕಳಿಸಿತು. 2021ರಲ್ಲಿ ಮೊಕದ್ದಮೆಯ ಕಂಪನಿಗಳು ರಾಜಿ ಮಾಡಿಕೊಂಡವು. ಪ್ರಶ್ನೆ ಹಾಗೆಯೇ ನಿಂತಿದೆ.

ಭತ್ತದವರೂ ಇಲ್ಲಿ ಕೂತಿರುವುದರಿಂದ ಒಂದು ಮಾತು. ಬೆಂಬಲ ಬೆಲೆಯ ರೂಪದಲ್ಲಿ ಒಂದು ಬೆಳೆಗೆ ಕೊಡುವ ನೆರವು ಆ ಬೆಳೆಯ ಒಟ್ಟು ಮೌಲ್ಯದ ಶೇ 10ನ್ನು ಮೀರಬಾರದೆಂದು ಒಪ್ಪಂದ ನಮ್ಮಂಥ ದೇಶಗಳಿಗೆ ಮಿತಿ ಹಾಕಿದೆ. ನೆರವನ್ನು ಅಳೆಯುವ ಮೊಳಗೋಲು ಯಾವುದು ಗೊತ್ತೇ? 1986ರಿಂದ 1988ರವರೆಗಿನ ಬೆಲೆ! ಇಂದಿನ ಬೆಂಬಲ ಬೆಲೆಯನ್ನು ಅಂದಿನ ಬೆಲೆಯ ಪಕ್ಕ ಇಟ್ಟರೆ ಸಿಂಧನೂರಿನ ರೈತ ಭಾರಿ ನೆರವು ಉಂಡವನಂತೆ ಕಾಣುತ್ತಾನೆ. 2013ರಲ್ಲಿ ಇಲ್ಲಿ ಅನ್ನಭಾಗ್ಯ, ದಿಲ್ಲಿಯಲ್ಲಿ ಆಹಾರ ಭದ್ರತಾ ಕಾಯಿದೆ ಬಂದವು. ಅದೇ ಡಿಸೆಂಬರ್‌ನಲ್ಲಿ ಬಾಲಿಯಲ್ಲಿ ಸೇರಿದ ಮಂತ್ರಿಗಳು, ಪಡಿತರಕ್ಕಾಗಿ ಕೊಳ್ಳುವ ಧಾನ್ಯದ ಮೇಲೆ ಸದ್ಯಕ್ಕೆ ದೂರು ಒಯ್ಯುವುದಿಲ್ಲವೆಂದು ಒಪ್ಪಿದರು. ಅದು ‘ಶಾಂತಿ ಕಲಂ’. 2018–19ರ ಅಕ್ಕಿಗೆ ಮಿತಿ ಮೀರಿದಾಗ ಅದನ್ನು ಮೊದಲು ಬಳಸಿದ ದೇಶ ಭಾರತ. ಕಾಯಂ ಪರಿಹಾರ ಇನ್ನೂ ಆಗಿಲ್ಲ. ಅತ್ತ ಅಮೆರಿಕದ ಹತ್ತಿ ಸಹಾಯಧನದ ಮೇಲೆ ಬ್ರೆಜಿಲ್ ಜಿನೀವಾದಲ್ಲಿ 2005ರಲ್ಲಿ ಗೆದ್ದರೂ, ಕೊನೆಗೆ 2014ರಲ್ಲಿ ಹಣ ಪಡೆದು ರಾಜಿಗೆ ಒಪ್ಪಬೇಕಾಯಿತು.

ಆ ಜಿನೀವಾ ಕೂಡ ಈಗ ಮೊದಲಿನಂತಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದ್ದರಿಂದ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ. ಒಪ್ಪಂದಗಳು ಈಗ ಇಬ್ಬಿಬ್ಬರ ನಡುವೆ, ಗುಂಪುಗಳ ನಡುವೆ ಆಗುತ್ತಿವೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಒಪ್ಪಂದದಿಂದ ಹಿಂದೆ ಸರಿಯಿತು. ಅಗ್ಗದ ಹಾಲಿನಪುಡಿ ಬರುತ್ತದೆಂದು ಹೈನುಗಾರರು ಎಬ್ಬಿಸಿದ ಕೂಗೂ ಅದಕ್ಕೊಂದು ಕಾರಣ. 2025ರಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ 50ರವರೆಗೆ ಸುಂಕ ಏರಿಸಿದ ತಿಂಗಳಲ್ಲೇ, ಕೇಂದ್ರ ಸರ್ಕಾರ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನು ಆಗಸ್ಟ್ 19ರಿಂದ ಕೈಬಿಟ್ಟು, ಆಮೇಲೆ ಆ ರಿಯಾಯಿತಿಯನ್ನು ಡಿಸೆಂಬರ್ 31ರವರೆಗೆ ಬೆಳೆಸಿತು. ಹತ್ತಿ ಬಿಡಿಸಿ ರಾಯಚೂರಿನ ಎಪಿಎಂಸಿಗೆ ತರುವ ತಿಂಗಳುಗಳೂ ಅವೇ.

ಐರೋಪ್ಯ ದೇಶಗಳು ತಮ್ಮ ವ್ಯಾಪಾರ ಒಪ್ಪಂದಗಳಲ್ಲಿ ಯುಪೋವ್ 1991ರ ಮಾದರಿಯನ್ನು ಕೇಳುವುದು ಹಳೆಯ ರೂಢಿ. ಅದಕ್ಕೆ ಒಪ್ಪಿದ ದಿನ 39ನೆಯ ಕಲಂ ಇದ್ದಂತೆ ಇರಲಾರದು. ಇಂಥ ಮಾತುಕತೆಯ ಕರಡುಗಳನ್ನು ಸಹಿಯಾಗುವ ಮುನ್ನ ವಿಧಾನಸಭೆಗೆ ತೋರಿಸಬೇಕೆಂಬ ನಿಯಮ ಈಗಲೂ ಇಲ್ಲ. ಡಂಕೆಲ್ ಕರಡು ಕೈಗೆ ಸಿಕ್ಕಿತ್ತು, ಆದ್ದರಿಂದ ಅದನ್ನು ಓದಿ ಹೇಳುವವರು ಹುಟ್ಟಿಕೊಂಡರು. ನಿಮ್ಮ ಶಾಸಕರು, ಸಂಸದರು ಈ ಕಡೆ ಬಂದಾಗ ಕಾಲುವೆ, ರಸ್ತೆಯ ಮಾತಿನ ಜೊತೆಗೆ ಇದನ್ನೂ ಕೇಳಿ: ಈಗ ನಡೆದಿರುವ ಮಾತುಕತೆಗಳಲ್ಲಿ ಬೀಜದ ಬಗ್ಗೆ ಏನು ಬರೆದಿದೆ, ಅವರು ಅದನ್ನು ಓದಿದ್ದಾರೆಯೇ?